ಬೆರಳುಗೊಂಬೆ ಮತ್ತು ಕಥೆ
(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



“ಮಕ್ಕಳು ಶಾಲೆಯಲ್ಲಿ ಕಾಗದ ಕತ್ತರಿಸುತ್ತ ಕೂಡ್ರುವರಂತೆ, ಪಾಠ ಯಾವಾಗ?” ಎಂದು ಪಾಲಕರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ಯೋಗ್ಯವಾದುದೇ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮಹಾಗಾಂವದಂಥ ಗಡಿಭಾಗದ ಊರಿನಲ್ಲಿ ಮಗು ಎರಡು ಭಾಷೆಗಳ ನಡುವೆ ಬೆಳೆಯುತ್ತದೆ. ಪೇಟೆಯಲ್ಲಿ ಮರಾಠಿ, ಅಜ್ಜಿಯೊಡನೆ ಕನ್ನಡ. ಎರಡೂ ನಮ್ಮವೇ. ಆದರೆ ತಪ್ಪಾದೀತೆಂಬ ಅಂಜಿಕೆಯಿಂದ ಕೆಲವು ಮಕ್ಕಳು ವರ್ಗದಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಅಂಥ ಒಬ್ಬ ಹುಡುಗನನ್ನು ನಾವು ಮಂದಬುದ್ಧಿಯವನೆಂದೇ ಬಗೆದಿದ್ದೆವು. ಒಂದು ದಿನ ಪುಣ್ಯಕೋಟಿಯ ಕಥೆಗಾಗಿ ಅವನ ಬೆರಳಿಗೆ ಕಾಗದದ ಹುಲಿ ಬಂದಿತು. ಹುಲಿ ಗರ್ಜಿಸಿತು, ಹಸುವನ್ನು ಗದರಿಸಿತು; ಕಡೆಗೆ, “ನಾ ಆಕೀನ್ನ ತಿನ್ನೂದಿಲ್ಲ” ಎಂದು ಬಿಕ್ಕಿತು. ವರ್ಗವೆಲ್ಲ ಸ್ತಬ್ಧವಾಯಿತು. ನಮ್ಮ ತಪ್ಪು ನಮಗೆ ಅಂದು ತಿಳಿಯಿತು. ಎಲ್ಲರ ಕಣ್ಣು ಗೊಂಬೆಯ ಮೇಲಿರುವಾಗ ಮಗುವಿನ ಅಂಜಿಕೆ ಕಡಿಮೆಯಾಗುವುದು. ಮಾತು ತಪ್ಪಿದರೆ ತಪ್ಪಿದ್ದು ಹುಲಿ, ತಾನಲ್ಲ!

ಇದಕ್ಕೆ ಖರ್ಚಿಲ್ಲ. ಹಳೆಯ ಲಗ್ನಪತ್ರಿಕೆ ಸಾಕು. ಸುಮಾರು 7 ಸೆಂಟಿಮೀಟರು ಉದ್ದ, 5 ಸೆಂಟಿಮೀಟರು ಅಗಲದ ತುಂಡನ್ನು ಕತ್ತರಿಸಿ, ಮೊದಲೇ ನಡುವೆ ಮೋರೆ ಬರೆಯಬೇಕು. ಸುತ್ತಿದ ಮೇಲೆ ಬರೆಯುವುದು ಕಷ್ಟ. ಬಳಿಕ ಬೆರಳಿಗೆ ಸಡಿಲವಾಗಿ ಸುತ್ತಿ, ಅಂಚಿಗೆ ಗೋಂದು ಹಚ್ಚಿ, ಕಿವಿ, ಕೋಡುಗಳನ್ನು ಅಂಟಿಸಬೇಕು. ಕಥೆ ಹೇಳುವಾಗ ಮಾತನಾಡುವ ಗೊಂಬೆ ಮಾತ್ರ ಅಲುಗಬೇಕು. ಕೇಳುವ ಗೊಂಬೆ ಸುಮ್ಮನಿರಬೇಕು. ಇತರರ ಮಾತು ಮುಗಿಯುವವರೆಗೆ ಕಾಯುವ ನಡತೆಯನ್ನು ಮಕ್ಕಳು ಹೀಗೆ ಆಟದಲ್ಲಿಯೇ ಕಲಿಯುವರು.

ಗೊಂಬೆಯಿಂದ ಕಥೆ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ಸಹ್ಯಾದ್ರಿಯ ಘಟ್ಟವಿಳಿದರೆ, ಕುಡಾಳದ ಹತ್ತಿರದ ಪಿಂಗುಳಿಯಲ್ಲಿ ಠಾಕರ ಸಮಾಜದವರು ಸೂತ್ರದ ಗೊಂಬೆ, ತೊಗಲುಗೊಂಬೆ, ಚಿತ್ರಕಥಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿಯ ಪರಶುರಾಮ ಗಂಗಾವಣೆಯವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಸಂದಿತು. ಅವರ ಕಲೆ ಜೀವಮಾನದ ಸಾಧನೆ. ನಮ್ಮದು ಮಕ್ಕಳ ಆಟ. ಆದರೂ ಎರಡೂ ಕಡೆ ಕಥೆಗೆ ಜೀವ ಕೊಡುವುದು ಮನುಷ್ಯನ ದನಿಯೇ.

ಪಾಲಕ ಬಂಧುಗಳೇ, ಆ ಹುಡುಗನಿಗೆ ಹುಲಿಯ ಮಾತುಗಳು ಎಲ್ಲಿಂದ ಬಂದವೆಂದು ವಿಚಾರಿಸಿದೆವು. “ನಮ್ಮವ್ವನ ಅವ್ವ ಹೇಳ್ತಾಳ್ರಿ” ಎಂದನು. ಗೊಂಬೆ ಮಾಡುವುದನ್ನು ಶಾಲೆ ಕಲಿಸೀತು. ಕಥೆಯನ್ನು ಮನೆಯ ಹಿರಿಯರೇ ಕೊಡಬೇಕು. ಅವರು ಮೌನವಾದರೆ ನಮ್ಮ ಕಾಗದದ ಹುಲಿಯೂ ಮೂಕವಾದೀತು. ರಾತ್ರಿ ಊಟವಾದ ಬಳಿಕ ಹತ್ತು ನಿಮಿಷ ಮೊಬೈಲನ್ನು ಬದಿಗಿಟ್ಟು ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ಕೂಡ್ರಿಸಿರಿ. ಮರುದಿನ ಆ ಕಥೆಯನ್ನು ಕೇಳಲು ನಾವು ಶಾಲೆಯಲ್ಲಿ ಕಾದಿರುತ್ತೇವೆ.