ಇನ್ನೊಂದು ಅಂಕಣ

ಘಟ್ಟದ ಮೇಲಿನ ಊರುಗಳಲ್ಲಿ ಮನೆಯ ದೊಡ್ಡತನವನ್ನು ಚದರಡಿಯಲ್ಲಿ ಹೇಳುವುದು ಈಚಿನ ರೂಢಿ. ಹಿಂದೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಅಂಕಣ? ಮಗನ ಮದುವೆಯಾಯಿತು, ತೋಟದ ಫಸಲು ಹೆಚ್ಚಿತು ಎಂದರೆ ಪಕ್ಕಕ್ಕೆ ಇನ್ನೊಂದು ಅಂಕಣ ಎಳೆಯುತ್ತಿದ್ದರು. ತೊಲೆಯ ಅಳತೆ ಅದೇ, ಮಾಡಿನ ಇಳಿಜಾರೂ ಅದೇ. ಮನೆ ಬೆಳೆಯುತ್ತಿದ್ದದ್ದು ಉದ್ದಕ್ಕೆ ಮಾತ್ರ. ಅಗಲ ಮಾಡುತ್ತೇನೆಂದು ಹೊರಟವನು ಇಡೀ ಮಾಡು ಬಿಚ್ಚಬೇಕಾಗುತ್ತಿತ್ತು.

ಜಲಾಂತರ್ಗಾಮಿಗಳ ಬಗ್ಗೆ ಮಾತಾಡಲು ನಿಂತವನು ಮನೆ ಕಟ್ಟುವ ಸುದ್ದಿ ಯಾಕೆ ತೆಗೆದ ಎಂದು ಸಭಿಕರು ಕೇಳಬಹುದು. ಈ ಉಪನ್ಯಾಸಕನ ಬಹುಕಾಲದ ಜಗಳ ಇರುವುದೇ ಅಲ್ಲಿ. ಪರದೇಶಕ್ಕೆ ಮಾರುವ ಡೀಸೆಲ್ ಜಲಾಂತರ್ಗಾಮಿಗಳ ಕ್ಯಾಟಲಾಗಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಉದ್ದ. ಗೆಳೆಯರೂ ಉದ್ದವನ್ನೇ ಹಿಡಿದು ವಾದಿಸುತ್ತಾರೆ. ಹಡಗಿನ ಜಾತಕ ಇರುವುದು ಅಗಲದಲ್ಲಿ ಎಂಬುದು ಇವನ ಹಟ.

ವಿಷಯವೇನೂ ದೂರದ್ದಲ್ಲ. ಶಿರಸಿಯವರು ದೇವಿಮನೆ, ಯಲ್ಲಾಪುರದವರು ಅರಬೈಲು, ಸಿದ್ದಾಪುರದವರು ದೊಡ್ಮನೆ ಘಟ್ಟ ಇಳಿದು ಬಡಗಣ ದಾರಿ ಹಿಡಿದರೆ ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬ. ಕದಂಬರ ಬನವಾಸಿ ಇರುವುದು ಶಿರಸಿ ತಾಲೂಕಿನಲ್ಲಿ, ಹಾಗಾಗಿ ಹೆಸರು ಘಟ್ಟದ ಮೇಲಿನಿಂದಲೇ ಇಳಿದುಹೋದದ್ದು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರ ಮೇ 31ರಂದು ನೆಲೆ ಸೇವೆಗೆ ಸೇರಿತು. ನಡುವೆ ಎತ್ತಂಗಡಿಯಾದ ಊರುಗಳ ಕತೆಗೆ ಬೇರೆಯೇ ಒಂದು ಉಪನ್ಯಾಸ ಬೇಕು. 2022ರ ಮೇ 27ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಐಎನ್‌ಎಸ್ ಖಂಡೇರಿಯಲ್ಲಿ ನೀರೊಳಗೆ ಹೋಗಿ ಬಂದದ್ದು ಇಲ್ಲಿಂದಲೇ.

ಆ ಖಂಡೇರಿಯ ಉದ್ದ 67.5 ಮೀಟರ್. ಒಂಬತ್ತಡಿಗೊಂದರಂತೆ ನೆಟ್ಟ ಇಪ್ಪತ್ತೈದು ಅಡಿಕೆ ಮರಗಳ ಸಾಲಿನಷ್ಟು. ಅಗಲ 6.2 ಮೀಟರ್, ಅಂದರೆ ಬರೀ ಇಪ್ಪತ್ತಡಿ. ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸದ ಇಂಥ ಆರು ಜಲಾಂತರ್ಗಾಮಿಗಳಿಗೆ 2005ರಲ್ಲಿ ಒಪ್ಪಂದವಾಗಿ, ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದರು. ಮೊದಲನೆಯ ಕಲ್ವರಿ ಸೇವೆಗೆ ಸೇರಿದ್ದು 2017ರಲ್ಲಿ, ಆರನೆಯ ವಾಗ್‌ಶೀರ್ 2025ರಲ್ಲಿ. ಇದೇ ಸ್ಕಾರ್ಪೀನ್ ಚಿಲಿಗೆ ಹೋದಾಗ 66.4 ಮೀಟರ್ ಇತ್ತು. ಬ್ರೆಜಿಲ್‌ನವರು ತಮ್ಮ ಕರಾವಳಿ ಉದ್ದ, ಜನ ಹೆಚ್ಚು ಬೇಕು, ದಿನಸಿ ಹೆಚ್ಚು ಬೇಕು ಎಂದು 71.6 ಮಾಡಿಸಿಕೊಂಡರು. ಅಗಲ ಮೂರಕ್ಕೂ 6.2!

ಜರ್ಮನಿಯ 209 ಮಾದರಿಯದೂ ಇದೇ ಹಾಡು. ಅರವತ್ತಕ್ಕೂ ಹೆಚ್ಚು ಕಟ್ಟಿ ಊರೂರಿಗೆ ಮಾರಿದರು, ತಮ್ಮ ನೌಕಾಪಡೆಗೆ ಮಾತ್ರ ಒಂದನ್ನೂ ಇಟ್ಟುಕೊಳ್ಳಲಿಲ್ಲ. 1971ರಲ್ಲಿ ಗ್ರೀಸ್ ಕೊಂಡದ್ದು ಸುಮಾರು 54 ಮೀಟರ್, 1986ರಲ್ಲಿ ಭಾರತಕ್ಕೆ ಬಂದ ಶಿಶುಮಾರ್ 64.4. ಉದ್ದ ಹತ್ತು ಮೀಟರ್ ಏರಿತು, ಅಗಲ ಏರಿದ್ದು ಒಂದಡಿ.

ಕಾರಣ ನೀರಿನ ಒತ್ತಡ. 300 ಮೀಟರ್ ಆಳದಲ್ಲಿ ಮೈಯ ಪ್ರತಿ ಚದರ ಮೀಟರ್ ಮೇಲೆ ಸುಮಾರು 300 ಟನ್ ಭಾರ ಕೂತಿರುತ್ತದೆ. ಕೊಳವೆ ಅಗಲವಾದಷ್ಟೂ ಉಕ್ಕು ದಪ್ಪವಾಗಬೇಕು, ಒಳಗಿನ ಬಳೆಗಳ ಲೆಕ್ಕ ಮೊದಲಿನಿಂದ ಹಾಕಬೇಕು. ಉದ್ದ ಮಾಡುವುದಾದರೆ ಅದೇ ಅಳತೆಯ ಇನ್ನೊಂದು ಕೊಳವೆ ತುಂಡು ಬೆಸೆದರಾಯಿತು. ರಷ್ಯದ ಕಿಲೋ ಮಾದರಿ ಕಲ್ವರಿಗಿಂತ ಐದು ಮೀಟರ್ ಮಾತ್ರ ಉದ್ದ. ಆದರೆ ಅಗಲ 9.9 ಮೀಟರ್, ಮೈಯೂ ಎರಡು ಪದರ. ಮುಳುಗಿದಾಗ ಕಲ್ವರಿಯ ತೂಕ 1,775 ಟನ್ ಆದರೆ ಇದರದು ಸುಮಾರು 3,000. ಉದ್ದ ನೋಡಿ ಅಳೆಯುವವರಿಗೆ ಈ ವ್ಯತ್ಯಾಸ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಬೆಸೆದರಾಯಿತು ಎಂಬ ಮಾತು ಬಾಯಲ್ಲಿ ಸುಲಭ. ಇಲ್ಲಿ ಈ ಉಪನ್ಯಾಸಕನಿಗೆ ಹೈಸ್ಕೂಲಿನ ಗಣಿತದ ಮಾಸ್ತರರ ನೆನಪು. ಪಂಚೆ ಎತ್ತಿಕಟ್ಟಿ, ಶಾಲೆಯ ಹಿಂದಿನ ಕೆರೆಯ ಮೆಟ್ಟಿಲ ಮೇಲೆ ಕೂತು, ಮುಚ್ಚಳದ ಡಬ್ಬಿಯೊಂದಕ್ಕೆ ಚಮಚೆ ಚಮಚೆ ಮರಳು ಹಾಕುತ್ತಿದ್ದರು. ತೇಲಿತು; ಇನ್ನೊಂದು ಚಮಚೆ. ಮುಳುಗಿತು, ಅರ್ಧ ಚಮಚೆ ತೆಗೆ. ಕೊನೆಗೊಮ್ಮೆ ಡಬ್ಬಿ ಮೇಲೂ ಬಾರದೆ ಕೆಳಗೂ ಹೋಗದೆ ಎರಡು ಉಸಿರಿನಷ್ಟು ಹೊತ್ತು ನಿಂತಿತು. ಮಾಸ್ತರರು ಅದರ ಬುಡಕ್ಕೆ ಇನ್ನೊಂದು ಖಾಲಿ ಡಬ್ಬಿ ಕಟ್ಟಿ ಬಿಟ್ಟರು. ಎರಡೂ ಸೇರಿ ಬುಳಕ್ಕನೆ ಮೇಲೆದ್ದು ಮಗುಚಿಕೊಂಡವು. "ಉದ್ದ ಮಾಡಿದ್ಯಲ್ಲ ಮಾರಾಯ, ಅದರ ಪಾಲಿನ ಮರಳು ಎಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದರು.

ಆ ಪ್ರಶ್ನೆಗೆ ಸ್ಪೇನ್ ಕೊಟ್ಟ ಉತ್ತರ ದುಬಾರಿಯದು. ಮುಂದೆ ಭಾರತದ ಟೆಂಡರಿಗೂ ಬಂದ ಎಸ್-80 ಮಾದರಿ ಮೊದಲು 71 ಮೀಟರ್ ಇತ್ತು. 2013ರ ಹೊತ್ತಿಗೆ ಅದರ ತೂಕ ನೂರು ಟನ್‌ನ ಆಸುಪಾಸು ಹೆಚ್ಚಾಗಿದೆ, ಮುಳುಗಿದರೆ ಮೇಲೇಳುವುದು ಅನುಮಾನ ಎಂದು ಗೊತ್ತಾಯಿತು. ಉಪಾಯವೆಂದರೆ ಮತ್ತೆ ಉದ್ದವೇ. ಸುಮಾರು ಹತ್ತು ಮೀಟರ್ ಸೇರಿಸಿದರು. ಸೇರಿಸಿದ ಉಕ್ಕಿಗೂ ತೂಕವಿರುತ್ತದಲ್ಲ, ಹಾಗಾಗಿ ತೇಲುವ ಲಾಭದಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಆಮೇಲೆ ನೋಡಿದರೆ ಕಾರ್ತಹೇನಾದ ನೆಲೆಯಲ್ಲಿ ಅಷ್ಟುದ್ದದ ಹಡಗು ನಿಲ್ಲಿಸಲು ಜಾಗ ಸಾಲದು, ಅದನ್ನೂ ಹಿಗ್ಗಿಸಬೇಕಾಯಿತು. ಕಾರು ತಂದಮೇಲೆ ಶೆಡ್ಡು ಅಳೆದವರ ಕತೆ.

ಕಲ್ವರಿಗೂ ಈಗ ಒಂದು ಅಂಕಣ ಬರುವುದಿದೆ. ಡೀಸೆಲ್ ಜಲಾಂತರ್ಗಾಮಿ ನೀರೊಳಗೆ ಓಡುವುದು ಬ್ಯಾಟರಿಯಲ್ಲಿ. ಅದು ತೀರಿದಾಗ ಮೇಲ್ಮೈ ಹತ್ತಿರ ಬಂದು, ಸ್ನಾರ್ಕೆಲ್ ಕೊಳವೆಯಿಂದ ಗಾಳಿ ಎಳೆದು, ಎಂಜಿನ್ ನಡೆಸಿ ಚಾರ್ಜ್ ಮಾಡಿಕೊಳ್ಳಬೇಕು. ಶತ್ರುವಿನ ಕಣ್ಣಿಗೆ ಬೀಳುವುದು ಆಗಲೇ. ಹೊರಗಿನ ಗಾಳಿ ಬೇಡದ ಎಐಪಿ ಯಂತ್ರವಿದ್ದರೆ ಆ ಪಾಡು ಎಷ್ಟೋ ತಪ್ಪುತ್ತದೆ. 1988ರಲ್ಲಿ ಸ್ವೀಡನ್ ತನ್ನ ನೆಕ್ಕೆನ್ ಎಂಬ ಜಲಾಂತರ್ಗಾಮಿಯನ್ನು ನಡುವೆ ಕೊಯ್ದು, ಇಂಥ ಯಂತ್ರವಿದ್ದ ಎಂಟು ಮೀಟರಿನ ತುಂಡು ಸೇರಿಸಿ ತೋರಿಸಿತು. ಪಾಕಿಸ್ತಾನದ ಅಗೋಸ್ತಾ ಹೀಗೆಯೇ 67.6ರಿಂದ 76.2 ಮೀಟರಿಗೆ ಬೆಳೆಯಿತು. ಭಾರತದಲ್ಲಿ ಡಿಆರ್‌ಡಿಒ ರೂಪಿಸಿದ ಇಂಧನಕೋಶದ ಎಐಪಿ ತುಂಡನ್ನು ಕಟ್ಟಿ ಜೋಡಿಸಲು 2024ರ ಡಿಸೆಂಬರ್ 30ರಂದು ಮಜಗಾಂವ್ ಡಾಕ್ ಜತೆ ಸುಮಾರು 1,990 ಕೋಟಿ ರೂಪಾಯಿಯ ಒಪ್ಪಂದವಾಗಿದೆ.

6.2 ಮೀಟರ್ ಅಗಲದ ಕೊಳವೆ ಒಂದು ಮೀಟರ್ ಉದ್ದವಾದರೆ ಸುಮಾರು 31 ಟನ್ ಸಮುದ್ರದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಸೇರಿಸುವ ತುಂಡು, ಒಳಗಿನ ಯಂತ್ರ ಸಮೇತ, ಮೀಟರಿಗೆ ಅಷ್ಟೇ ತೂಗಬೇಕು. ಹಿಂದೆಮುಂದೆ ವಾಲದಂತೆ ತಕ್ಕಡಿಯೂ ಸರಿಯಿರಬೇಕು. ಮಾಸ್ತರರ ಮರಳಿನ ಲೆಕ್ಕವೇ ಇದು.

ಇಷ್ಟು ವಾದಿಸಿದ ಮೇಲೂ ಈ ಉಪನ್ಯಾಸಕನಿಗೆ ಸಮಾಧಾನವಿಲ್ಲ. ಎಐಪಿ ಇಟ್ಟು ಹಡಗು ಕಟ್ಟುತ್ತಿದ್ದ ಜಪಾನ್, 2020ರ ಓರ್ಯೂದಲ್ಲಿ ಅದನ್ನು ತೆಗೆದು ಆ ಜಾಗಕ್ಕೂ ಲಿಥಿಯಂ ಬ್ಯಾಟರಿ ತುಂಬಿತು. ಅದು 84 ಮೀಟರ್ ಉದ್ದ, 9 ಮೀಟರ್ ಅಗಲದ ಹಡಗು, ಅದರ ಮಾತು ಬೇರೆ ಎಂದು ತಳ್ಳಿಹಾಕಬಹುದಿತ್ತು. ಆದರೆ 2024ರಲ್ಲಿ ಇಂಡೋನೇಷ್ಯಾ ಸ್ಕಾರ್ಪೀನನ್ನೇ ಲಿಥಿಯಂ ಬ್ಯಾಟರಿಯೊಂದಿಗೆ ಕೊಂಡಿತು, 72 ಮೀಟರಿನದು. ಹಾಗಾದರೆ ಕಲ್ವರಿಯನ್ನು ನಡುವೆ ಕೊಯ್ಯುವ ಬದಲು ಇರುವ ಅಂಕಣದಲ್ಲೇ ಬ್ಯಾಟರಿ ಬದಲಿಸಿದರೆ ಸಾಲದೆ? ಸಾಲುವುದಾದರೆ ಇಂಡೋನೇಷ್ಯಾದ್ದು ಯಾಕೆ ಉದ್ದವಾಯಿತು? ಇಷ್ಟು ವರ್ಷ ಅಗಲ, ಅಗಲ ಎಂದು ಜಗಳವಾಡಿದವನು ಕೊನೆಗೆ ಉದ್ದದ ಲೆಕ್ಕಕ್ಕೇ ಬಂದು ಸಿಕ್ಕಿಬಿದ್ದನೇ?