ವಾಸ್ತುಶಿಲ್ಪಿ ಸೂಫ್ಲೊ ಮತ್ತು ಸಂತ ಜೆನೆವೀವಮ್ಮನವರ ದೇವಾಲಯ

(ಶತಮಾನೋತ್ಸವದ ಅಂಗವಾಗಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ, ದೇವಾಲಯ ನಿರ್ಮಾಣವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಕಟ್ಟಿಸಿದವರನ್ನೂ ದಾನಿಗಳನ್ನೂ ಸ್ಮರಿಸುವುದು ಇಂತಹ ಸಭೆಗಳಲ್ಲಿ ವಾಡಿಕೆ. ನಾವಾದರೋ ಇಂದು ದೂರದ ಫ್ರಾನ್ಸ್ ದೇಶದಲ್ಲಿ ತನ್ನ ಬಾಳಿನ ಇಪ್ಪತ್ತೈದು ವರ್ಷಗಳನ್ನು ಒಂದೇ ದೇವಾಲಯಕ್ಕಾಗಿ ಸವೆಸಿ, ಅದು ಪೂರ್ಣಗೊಂಡುದನ್ನು ಕಾಣದೆ ಕಣ್ಮುಚ್ಚಿದ ಒಬ್ಬ ವಾಸ್ತುಶಿಲ್ಪಿಯ ಕಥೆಯನ್ನು ತಮ್ಮ ಮುಂದಿಡಬಯಸುತ್ತೇವೆ. ಆತನೇ ಜಾಕ್ ಜರ್ಮೇನ್ ಸೂಫ್ಲೊ.

ಸೂಫ್ಲೊ ಹುಟ್ಟಿದ್ದು 1713ರಲ್ಲಿ, ಬರ್ಗಂಡಿ ಪ್ರಾಂತದ ಇರಾನ್ಸಿ ಎಂಬ ಹಳ್ಳಿಯಲ್ಲಿ. ಮಗನು ತನ್ನಂತೆಯೇ ವಕೀಲನಾಗಲೆಂಬುದು ತಂದೆಯ ಆಸೆಯಾಗಿದ್ದಿತು. ಮಗನ ಮನಸ್ಸು ಕಲ್ಲು ಕಮಾನುಗಳ ಮೇಲಿತ್ತು. ತರುಣನು ರೋಮಾಪುರಿಗೆ ಹೋಗಿ ಅಲ್ಲಿನ ಪ್ರಾಚೀನ ಕಟ್ಟಡಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿದನು. ಹಿಂದಿರುಗಿದ ಮೇಲೆ ಲಿಯೋನ್ ನಗರದಲ್ಲಿ ನೆಲೆಸಿ, ರೋನ್ ನದಿಯ ದಂಡೆಯಲ್ಲಿ ಬಡರೋಗಿಗಳ ಮಹಾ ಆಸ್ಪತ್ರೆಯಾದ ಓತೆಲ್ ದ್ಯೂ, ಎಂದರೆ ‘ದೇವರ ಮನೆ’ಯ ವಿಸ್ತರಣೆಯನ್ನು ಕೈಗೊಂಡನು. ಅದಕ್ಕೆ ಎತ್ತರದ ಗುಮ್ಮಟವನ್ನು ಯೋಜಿಸಿದ್ದು ಅಂದಕ್ಕಾಗಿ ಮಾತ್ರವಲ್ಲ. ಕೋಣೆಗಳ ಕೆಟ್ಟ ಗಾಳಿಯು ಮೇಲೇರಿ ಹೊರಹೋಗಿ ರೋಗಿಗಳಿಗೆ ಹಿತವಾಗಲೆಂಬುದೂ ಉದ್ದೇಶವಾಗಿದ್ದಿತು.

ಆ ಕಾಲದ ಪಂಡಿತರಿಗೆ ಗ್ರೀಕ್ ಮತ್ತು ರೋಮನ್ ಶೈಲಿಯೇ ಪ್ರಮಾಣ. ಮಧ್ಯಯುಗದ ಗೋಥಿಕ್ ದೇವಾಲಯಗಳೆಂದರೆ ತಾತ್ಸಾರ. ಸೂಫ್ಲೊ ಹಾಗೆ ತಿಳಿಯಲಿಲ್ಲ. 1741ರಲ್ಲೇ ಲಿಯೋನಿನ ವಿದ್ವತ್ಸಭೆಯ ಮುಂದೆ ಗೋಥಿಕ್ ವಾಸ್ತುವನ್ನು ಕುರಿತು ಪ್ರಬಂಧವನ್ನೋದಿ, ಅಷ್ಟು ಕಡಿಮೆ ಕಲ್ಲಿನಲ್ಲಿ ಅಷ್ಟು ಎತ್ತರವನ್ನು ಸಾಧಿಸಿದ ಹಿರಿಯರ ಜಾಣ್ಮೆಯನ್ನು ಗೌರವಿಸಿದನು. ಗ್ರೀಕರ ಗಾಂಭೀರ್ಯವನ್ನೂ ಗೋಥಿಕ್ ಶಿಲ್ಪಿಗಳ ಹಗುರವಾದ ಕಟ್ಟಣೆಯನ್ನೂ ಒಂದುಗೂಡಿಸುವುದೇ ಅವನ ಜೀವನದ ಧ್ಯೇಯವಾಯಿತು.

ಅದಕ್ಕೆ ಅವಕಾಶ ಒದಗಿದ ಬಗೆಯನ್ನು ಕೇಳಬೇಕು. 1744ರಲ್ಲಿ ದೊರೆ ಹದಿನೈದನೆಯ ಲೂಯಿ ಮೆಟ್ಸ್ ನಗರದಲ್ಲಿ ಕಾಯಿಲೆ ಬಿದ್ದು ಸಾವಿನಂಚಿಗೆ ಬಂದಾಗ, ತಾನು ಬದುಕಿದರೆ ಪ್ಯಾರಿಸ್ಸಿನ ಪಾಲಕಿಯಾದ ಸಂತ ಜೆನೆವೀವಮ್ಮನವರಿಗೆ ಹೊಸ ದೇವಾಲಯವನ್ನು ಕಟ್ಟಿಸುವುದಾಗಿ ಹರಕೆ ಹೊತ್ತನು. ಕ್ರಿ.ಶ. 451ರಲ್ಲಿ ಹೂಣರ ಅಟಿಲನು ದಂಡೆತ್ತಿ ಬಂದಾಗ ಓಡಿಹೋಗಲು ಸಿದ್ಧರಾದ ಜನರಿಗೆ ಧೈರ್ಯ ಹೇಳಿ ಪ್ರಾರ್ಥನೆಯಲ್ಲಿ ನಿಲ್ಲಿಸಿದವರು ಈ ಮಹಾತಾಯಿ. ದೊರೆ ಗುಣಹೊಂದಿದನು. ಹರಕೆ ಕೈಗೂಡಲು ಹತ್ತು ವರ್ಷ ಕಳೆಯಿತು. 1755ರಲ್ಲಿ ಸೂಫ್ಲೊ ಶಿಲ್ಪಿಯಾಗಿ ನೇಮಕಗೊಂಡನು. ಹಣವು ಬಂದದ್ದು ಲಾಟರಿಯಿಂದ. ಎಂದರೆ ದೊರೆಯ ಹರಕೆಯನ್ನು ತೀರಿಸಿದ್ದು ಜನರ ಚಿಲ್ಲರೆ ಕಾಸು!

ಅಸ್ತಿಭಾರಕ್ಕಾಗಿ ಅಗೆದಾಗ ರೋಮನರ ಕಾಲದ ಕುಂಬಾರರು ಜೇಡಿಮಣ್ಣಿಗಾಗಿ ತೋಡಿದ್ದ ಆಳವಾದ ಹಳ್ಳಗಳು ಸಿಕ್ಕಿದುವು. ಅವನ್ನೆಲ್ಲ ತುಂಬಿ ಗಟ್ಟಿಮಾಡುವುದರಲ್ಲೇ ವರ್ಷಗಳು ಸಂದುವು. ಕೊನೆಗೆ 1764ರ ಸೆಪ್ಟೆಂಬರ್ 6ರಂದು ದೊರೆ ಬಂದು ಶಂಕುಸ್ಥಾಪನೆ ಮಾಡಿದನು. ಅಂದು ನೆಲದ ಮೇಲೆ ಗೋಡೆಗಳಿನ್ನೂ ಎದ್ದಿರಲಿಲ್ಲ. ಆದುದರಿಂದ ದೇವಾಲಯದ ಮುಂಭಾಗವನ್ನು ಅದರ ನಿಜ ಗಾತ್ರದಲ್ಲೇ ಬಟ್ಟೆಯ ಮೇಲೆ ಬರೆಯಿಸಿ ನಿಲ್ಲಿಸಲಾಗಿದ್ದಿತು. ಚಿತ್ರಪಟವು ಒಂದು ದಿನದ ವೈಭವ. ಕಲ್ಲಿನ ಕೆಲಸವೋ ಇನ್ನೂ ಇಪ್ಪತ್ತಾರು ವರ್ಷ ಹಿಡಿಯಿತು.

ಶಿಲುಬೆಯಾಕಾರದ ಆ ಕಟ್ಟಡದ ಉದ್ದ ಸುಮಾರು 110 ಮೀಟರು, ಎತ್ತರ 83 ಮೀಟರು. ಒಂದರೊಳಗೊಂದಾಗಿ ಮೂರು ಕಲ್ಲಿನ ಚಿಪ್ಪುಗಳಿರುವ ಗುಮ್ಮಟವನ್ನು ಮಧ್ಯದ ನಾಲ್ಕು ತೆಳುವಾದ ಸ್ತಂಭಗಳು ಹೊರಬೇಕಾಗಿದ್ದಿತು. ಸುತ್ತಲೂ ದೊಡ್ಡ ಕಿಟಕಿಗಳು. ಒಳಗೆ ಬೆಳಕೇ ಬೆಳಕು. 1770ರಲ್ಲಿ ಪ್ಯಾತ್ ಎಂಬ ಶಿಲ್ಪಿಯು, ಈ ಸ್ತಂಭಗಳು ಗುಮ್ಮಟವನ್ನು ತಾಳಲಾರವು ಎಂದು ಪುಸ್ತಕವನ್ನೇ ಅಚ್ಚುಹಾಕಿಸಿದನು. ಊರೆಲ್ಲ ಚರ್ಚೆಯಾಯಿತು. ಸೇತುವೆಗಳ ನಿರ್ಮಾಣದಲ್ಲಿ ಹೆಸರಾಂತ ಪೆರೊನೆ ಮತ್ತು ಗೋತೆ ಎಂಬ ಎಂಜಿನಿಯರುಗಳು ಸೂಫ್ಲೊನ ಪರವಾಗಿ ನಿಂತರು. ಗೋತೆಯು ಕಲ್ಲು ಎಷ್ಟು ಭಾರಕ್ಕೆ ಪುಡಿಯಾಗುವುದೆಂದು ಅಳೆಯಲು ಯಂತ್ರವನ್ನೇ ರಚಿಸಿದನು. ವಾದವನ್ನು ಬರಿಯ ಮಾತಿನಿಂದಲ್ಲದೆ ಪರೀಕ್ಷೆಯಿಂದ ತೀರ್ಮಾನಿಸುವ ಮಾರ್ಗವು ಹೀಗೆ ತೆರೆಯಿತು.

ಅಷ್ಟರಲ್ಲೇ, ಆ ದಶಕದ ಕೊನೆಯ ವರ್ಷಗಳಲ್ಲಿ, ಸ್ತಂಭಗಳಲ್ಲಿ ಬಿರುಕುಗಳು ಕಾಣಿಸಿಕೊಂಡುವು. ವಿರೋಧಿಗಳ ಬಾಯಿಗೆ ಅದು ಆಹಾರವಾಯಿತು. ಆ ಚಿಂತೆಯ ದಿನಗಳಲ್ಲೇ, 1780ರ ಆಗಸ್ಟ್ 29ರಂದು, ಅರವತ್ತೇಳನೆಯ ವಯಸ್ಸಿನಲ್ಲಿ ಸೂಫ್ಲೊ ತೀರಿಕೊಂಡನು. ಗುಮ್ಮಟ ಇನ್ನೂ ಏರಿರಲಿಲ್ಲ. ಅವನ ಸಹಾಯಕನಾಗಿದ್ದ ರೊಂದೆಲೆ ಮೊದಲಾದವರು 1790ರಲ್ಲಿ ಕೆಲಸವನ್ನು ಮುಗಿಸಿದರು.

ಬಿರುಕಿಗೆ ಕಾರಣವೇನು? ರೊಂದೆಲೆ ಪರಿಶೀಲಿಸಿ ಬರೆದಿಟ್ಟ ವಿಷಯವನ್ನು ನಾವು ವಿಶೇಷವಾಗಿ ಗಮನಿಸಬೇಕಾಗಿದೆ. ಕಲ್ಲುಗಳ ನಡುವಿನ ಸಂದು ಹೊರಗಿನಿಂದ ಕೂದಲೆಳೆಯಷ್ಟು ಸಣ್ಣದಾಗಿ ಕಾಣಲೆಂದು, ಒಂದರ ಮೇಲೊಂದು ಕೂರುವ ಮುಖಗಳನ್ನು ಕಲ್ಲುಕುಟಿಗರು ಅಂಚಿನಲ್ಲಿ ಮಾತ್ರ ಸಮವಾಗಿ ಕೆತ್ತಿ, ಒಳಭಾಗವನ್ನು ತಗ್ಗಾಗಿ ಬಿಟ್ಟಿದ್ದರು. ಒಳಗಿನ ಟೊಳ್ಳಿನಲ್ಲಿ ಬೆಣೆಗಳನ್ನಿಟ್ಟು ಗಾರೆ ತುಂಬಿದ್ದರು. ಗಾರೆ ಒಣಗಿ ಕುಗ್ಗಿದಾಗ ಭಾರವೆಲ್ಲವೂ ಅಂಚಿನ ಮೇಲೆ ಬಿದ್ದು ಕಲ್ಲು ಸೀಳಿತು. ಸ್ತಂಭ ತೆಳುವಾಗಿದ್ದಿತೆಂಬುದು ನಿಜ. ಆದರೆ ಕಣ್ಣಿಗೆ ಕಾಣುವ ಅಂದಕ್ಕಾಗಿ ಕಾಣದ ಮುಖವನ್ನು ಟೊಳ್ಳುಮಾಡಿದ್ದು ದೊಡ್ಡ ದೋಷ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೊಂದೆಲೆಯೇ ಸ್ತಂಭಗಳನ್ನು ದಪ್ಪಗೊಳಿಸಿ ಕಟ್ಟಡವನ್ನು ಉಳಿಸಿದನು.

ದೇವಾಲಯದ ಮುಂದಿನ ಇತಿಹಾಸವು ದುಃಖದ್ದು. 1791ರಲ್ಲಿ ಕ್ರಾಂತಿಯ ಸರಕಾರವು ಅದನ್ನು ರಾಷ್ಟ್ರದ ಮಹಾಪುರುಷರ ಸಮಾಧಿಭವನವನ್ನಾಗಿಸಿ ‘ಪಾಂಥೆಯೋನ್’ ಎಂದು ಕರೆಯಿತು. ಸೂಫ್ಲೊ ಬೆಳಕಿಗಾಗಿ ತೆರೆದಿದ್ದ ಕಿಟಕಿಗಳನ್ನು ಕಲ್ಲಿನಿಂದ ಮುಚ್ಚಿಸಲಾಯಿತು. 1793ರಲ್ಲಿ ಸಂತಮ್ಮನವರ ಪವಿತ್ರ ಅವಶೇಷಗಳನ್ನು ಸುಟ್ಟರು. ಆ ಬಳಿಕ ಎರಡು ಸಲ ಅಲ್ಲಿ ಆರಾಧನೆ ಮರಳಿತು, ಎರಡು ಸಲವೂ ನಿಂತಿತು. 1885ರಲ್ಲಿ ಸಾಹಿತಿ ವಿಕ್ಟರ್ ಹ್ಯೂಗೋನ ಅಂತ್ಯಕ್ರಿಯೆಯ ಕಾಲದಿಂದ ಅದು ರಾಷ್ಟ್ರಸ್ಮಾರಕವಾಗಿಯೇ ಉಳಿದಿದೆ. ಆದರೂ ಗುಮ್ಮಟದ ತುದಿಯಲ್ಲಿ ಶಿಲುಬೆಯಿದೆ; ಒಳಗೋಡೆಗಳಲ್ಲಿ ಸಂತಮ್ಮನವರ ಜೀವನದ ಚಿತ್ರಗಳಿವೆ. ಅವರ ಸಮಾಧಿಶಿಲೆಯ ತುಣುಕನ್ನು ಪಕ್ಕದಲ್ಲೇ ಇರುವ ಸಂತ ಎತಿಯೆನ್ನರ ದೇವಾಲಯದಲ್ಲಿರಿಸಿ ಭಕ್ತರು ಗೌರವಿಸುತ್ತಾರೆ. ಸೂಫ್ಲೊನ ದೇಹವನ್ನು 1829ರಲ್ಲಿ ತಂದು, ಅವನೇ ಕಟ್ಟಿದ ನೆಲಮಾಳಿಗೆಯಲ್ಲಿ ಇರಿಸಲಾಯಿತು.

ಪ್ರಿಯರೇ, ಶತಮಾನೋತ್ಸವವೆಂದರೆ ಸುಣ್ಣ ಬಣ್ಣ, ತೋರಣ, ದೀಪಾಲಂಕಾರ. ಇವೆಲ್ಲ ಇರಲಿ, ಇರಬೇಕಾದುದೇ. ಆದರೆ ನಮ್ಮ ಹಿರಿಯರು ಇಟ್ಟ ಕಲ್ಲುಗಳು ನೂರು ಮಳೆಗಾಲಗಳನ್ನು ತಾಳಿವೆಯೆಂದರೆ ಕಾಣದ ಮುಖವನ್ನೂ ಅವರು ಸಮವಾಗಿ ಕೆತ್ತಿದ್ದರೆಂದೇ ಅರ್ಥ. ನಾವು ಮುಂದಿನ ಪೀಳಿಗೆಗೆ ಕಟ್ಟುತ್ತಿರುವ ಧರ್ಮಸಭೆಯಲ್ಲಿಯೂ ಹಾಗೆಯೇ ಆಗಬೇಕು: ಮನೆಯ ಪ್ರಾರ್ಥನೆ, ಮಕ್ಕಳ ಧರ್ಮೋಪದೇಶ, ನೆರೆಯವನ ಕಷ್ಟಕ್ಕೆ ಸದ್ದಿಲ್ಲದೆ ನೀಡಿದ ನೆರವು, ಲೆಕ್ಕಪತ್ರದಲ್ಲಿ ಪ್ರಾಮಾಣಿಕತೆ. ಇವು ಹೊರಗೆ ಕಾಣುವಂಥವಲ್ಲ, ಆದರೆ ಭಾರ ಬೀಳುವುದು ಇವುಗಳ ಮೇಲೆಯೇ. ಪೂರ್ಣಗೊಂಡುದನ್ನು ನಾವು ಕಾಣದೆ ಹೋದರೂ ಚಿಂತೆಯಿಲ್ಲ. ನಮ್ಮ ಪಾಲಿನ ಕಲ್ಲು ಟೊಳ್ಳಾಗದಿದ್ದರೆ ಸಾಕು. ಅದಕ್ಕೆ ಬೇಕಾದ ಶಕ್ತಿಯನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.