ಹುಲಿ ಮೂರು, ಕುರಿ ಹದಿನೈದು

(ಬಾನುಲಿ ಭಾಷಣ)



ಕನ್ನಡದಲ್ಲಿ ‘ಆಟ’ ಎಂಬ ಮಾತಿಗೆ ಎರಡು ತೂಕಗಳಿವೆ. ಮಕ್ಕಳಾಟ, ಹುಡುಗಾಟ ಎನ್ನುವಾಗ ಅದು ಅರಳೆಯಷ್ಟು ಹಗುರ. ದೊಡ್ಡಾಟ, ಬಯಲಾಟ ಎನ್ನುವಾಗ ಅದೇ ಮಾತು ಒಂದು ಊರನ್ನೇ ಬೆಳಗಿನ ಜಾವದವರೆಗೆ ಎಚ್ಚರವಾಗಿ ಕೂಡಿಸಬಲ್ಲ ಭಾರವನ್ನು ಪಡೆಯುತ್ತದೆ. ಇಂದು ನಾನು ಪ್ರಸ್ತಾಪಿಸಬೇಕೆಂದಿರುವ ಹುಲಿ-ಕುರಿಯಾಟವನ್ನು ನೋಡಿ ಹೋಗುವವರು ಮೊದಲನೆಯ ತೂಕದಲ್ಲಿ ಅಳೆಯುತ್ತಾರೆ. ಕೂತು ಆಡುವವರು ಎರಡನೆಯದರಲ್ಲಿ. ನಾಲ್ಕಾರು ಗೆರೆ, ಒಂದು ಹಿಡಿ ಹುಣಿಸೆಬೀಜ, ಇಷ್ಟರಲ್ಲೇ ಮುಗಿಯುವ ಈ ಆಟ ಒಬ್ಬ ಮನುಷ್ಯನಿಗೆ ಹೇಗೆ ಸಿಕ್ಕುತ್ತದೆ, ಸಿಕ್ಕಿದ ಮೇಲೆ ಆತ ಆಯುಷ್ಯದುದ್ದಕ್ಕೂ ಅದನ್ನೇ ಏಕೆ ಹಿಡಿದು ಕೂರುತ್ತಾನೆ ಎಂಬುದು ನನ್ನ ವಿಷಯ.

ಆಟ ಬಹುಮಂದಿಗೆ ಗೊತ್ತಿರುವಂಥದೇ. ಆಡು-ಹುಲಿ, ಹುಲಿಮನೆ, ಹುಲಿಘಟ್ಟ ಎಂದು ಸೀಮೆಗೊಂದು ಹೆಸರು. ಗೆರೆಗಳ ವಿನ್ಯಾಸದಲ್ಲೂ ಭೇದಗಳುಂಟು. ಸಾಮಾನ್ಯವಾಗಿ ಕಾಣುವ ಮನೆ ಹೀಗಿರುತ್ತದೆ: ಒಂದು ತ್ರಿಕೋನ, ಅದರ ನೆತ್ತಿಯಿಂದ ಬುಡಕ್ಕೆ ಒಳಗಡೆ ಇಳಿದ ಇನ್ನೆರಡು ಗೆರೆ, ತ್ರಿಕೋನವನ್ನು ಹಾಯ್ದು ಎರಡೂ ಪಕ್ಕ ಆಚೆಗೆ ಚಾಚಿದ ಮೂರು ಅಡ್ಡಗೆರೆ, ಆ ಚಾಚಿದ ತುದಿಗಳನ್ನು ಕೂಡಿಸುವ ಒಂದೊಂದು ನಿಲುಗೆರೆ. ಗೆರೆಗಳು ಸಂಧಿಸುವ ಸ್ಥಾನಗಳು ಒಟ್ಟು ೨೩. ಹುಲಿ ೩, ಕುರಿ ೧೫. ನೆತ್ತಿಯಲ್ಲೊಂದು, ಅದರ ಕೆಳಗಿನ ಸಾಲಿನಲ್ಲಿ ಎರಡು ಹುಲಿಗಳು ಮೊದಲೇ ಕಾದು ಕೂತಿರುತ್ತವೆ. ಕುರಿಯವನು ಒಂದೊಂದಾಗಿ ಕುರಿಗಳನ್ನು ಇಳಿಸುತ್ತ ಬರಬೇಕು. ಒಂದೊಂದಕ್ಕೂ ಉತ್ತರವಾಗಿ ಒಂದು ಹುಲಿ ನಡೆಯುತ್ತದೆ. ಹದಿನೈದೂ ಇಳಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಕುರಿಯ ಆಚೆಗಿನ ಸ್ಥಾನ ನೇರ ಗೆರೆಯಲ್ಲಿ ಬರಿದಾಗಿದ್ದರೆ ಹುಲಿ ಹಾರಿ ಕುರಿಯನ್ನು ಕೊಲ್ಲುತ್ತದೆ. ಅಲ್ಲಿ ಇನ್ನೊಂದು ಕುರಿ ನಿಂತಿದ್ದರೆ ಹಾರಲಾರದು. ಎಷ್ಟು ಕುರಿ ಸತ್ತರೆ ಸೋಲು ಎಂಬುದರಲ್ಲಿ ಊರೂರಿಗೆ ಒಂದೊಂದು ಕಟ್ಟಳೆ. ಆದರೆ ಮೂರು ಹುಲಿಗಳಿಗೂ ಕಾಲಿಡಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಕುರಿಯ ಗೆಲುವು ಎಂಬುದನ್ನು ಎಲ್ಲ ಊರುಗಳೂ ಒಪ್ಪುತ್ತವೆ.

ನಮ್ಮ ಕಲಬುರಗಿಯ ಕಡೆಗೆ ಈ ಆಟಕ್ಕೆ ಹಲಗೆ ಬೇಕಿಲ್ಲ. ಶಹಾಬಾದಿನ ಫರಸಿಕಲ್ಲು ಹಾಸದ ಅಂಗಳ, ಕಟ್ಟೆ, ಪಡಸಾಲೆ ನಮ್ಮಲ್ಲಿ ಅಪರೂಪ. ಆ ನುಣುಪಾದ ಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದರೆ ಸಾಕು. ಹೆಂಚಿನ ಚೂರು ಹುಲಿಯಾಗುತ್ತದೆ, ಹುಣಿಸೆಬೀಜ ಕುರಿಯಾಗುತ್ತದೆ. ಆಟ ಮುಗಿದು ಕಸಬರಿಗೆ ಆಡಿದರೆ ಹುಲಿಯೂ ಇಲ್ಲ, ಕಾಡೂ ಇಲ್ಲ. ಹಂಪೆಯ ಗುಡಿಮಂಟಪಗಳ ನೆಲಹಾಸಿನಲ್ಲಿ ಇಂಥ ಹಲವು ಆಟಗಳ ಮನೆಗಳನ್ನು ಕಲ್ಲಿನಲ್ಲೇ ಕೊರೆದಿರುವುದನ್ನು ನೀವು ಕಂಡಿರಬಹುದು. ಗುಡಿ ಕಟ್ಟಿದ ಕಾಲವೇ ಗೆರೆ ಕೊರೆದ ಕಾಲವೆಂದು ಹೇಳಲಾಗದು. ಕಲ್ಲುಕುಟಿಗನೊಬ್ಬ ಬಿಡುವಿನಲ್ಲಿ ಕೊರೆದಿರಬಹುದು. ನೂರಾರು ವರ್ಷಗಳ ಅನಂತರ ದನ ಕಾಯುವ ಹುಡುಗರು ಕೊರೆದಿರಬಹುದು. ಯಾರೇ ಕೊರೆದಿರಲಿ, ನಾಳೆಯೂ ಇಲ್ಲಿಯೇ ಕೂತು ಆಡುತ್ತೇವೆ ಎಂಬ ನಂಬಿಕೆಯಿಲ್ಲದೆ ಯಾರೂ ಕಲ್ಲಿಗೆ ಉಳಿ ಹಚ್ಚುವುದಿಲ್ಲ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಒಂದು ತಾಸಿನೊಳಗೆ ಕಮಲಾಪುರ ಬರುತ್ತದೆ. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲೂಕಿನ ಕೇಂದ್ರ. ಅದೇ ದಾರಿಯಲ್ಲಿ ಇನ್ನೂ ಮುಂದೆ ಸಾಗಿದವರಿಗೆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ದೂರವಲ್ಲ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. ೧೧೩೦ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜ್ಯನೀತಿ, ಅಡುಗೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಚದುರಂಗ, ಪಗಡೆ, ಕವಡೆಯಾಟಗಳಿಗೂ ಅದರಲ್ಲಿ ಅಧ್ಯಾಯಗಳನ್ನು ಮೀಸಲಿಟ್ಟ. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೧ರಲ್ಲಿ ಆಡಳಿತ ಕೈತಪ್ಪಿದ ಮೇಲೂ ೧೮೬೮ರಲ್ಲಿ ತೀರಿಕೊಳ್ಳುವವರೆಗೆ ಸಾಹಿತ್ಯದಲ್ಲೂ ಆಟಗಳಲ್ಲೂ ಮನಸ್ಸಿಟ್ಟರು. ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಸುವ ಬಂಧಗಳನ್ನು ಅವರೇ ರಚಿಸಿದ್ದರು. ಅರಸರ ಆಟಗಳಿಗೆ ಹೀಗೆ ಗ್ರಂಥದ ಆಶ್ರಯ ದೊರೆಯಿತು. ಹುಲಿ-ಕುರಿಯಾಟಕ್ಕೆ ದೊರೆತದ್ದು ಕಟ್ಟೆಯ ಆಶ್ರಯ. ಈ ಭೇದವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನನ್ನ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಗ್ರಂಥವಿಲ್ಲದ ಆಟ ಮನುಷ್ಯನಿಗೆ ಹೇಗೆ ಸಿಕ್ಕುತ್ತದೆ? ಹಿಂದಿನಿಂದ ಸಿಕ್ಕುತ್ತದೆ. ಆಡುವವರ ಬೆನ್ನ ಹಿಂದೆ ನಿಂತು, ಹೆಗಲ ಮೇಲಿಂದ ಇಣುಕಿ ಕಲಿತವರೇ ಎಲ್ಲರೂ. ನನ್ನ ಎಳೆಯ ದಿನಗಳಲ್ಲಿ ಕಮಲಾಪುರದ ಕಟ್ಟೆಯ ಮೇಲೆ ಇದಕ್ಕೊಂದು ಕ್ರಮವೇ ಇತ್ತು. ಮೊದಲ ವರ್ಷ ಹುಡುಗ ಸುಮ್ಮನೆ ನೋಡಬೇಕು. ಬಾಯಿ ಬಿಟ್ಟರೆ ಗದರಿಕೆ. ಎರಡನೆಯ ವರ್ಷ ಸತ್ತ ಕುರಿಗಳನ್ನು ಎಣಿಸುವ ಅಧಿಕಾರ. ಆಮೇಲೆ ಎಂದೋ ಒಂದು ದಿನ ಆಡುವವರಲ್ಲೊಬ್ಬ ಎದ್ದು ಹೋಗಬೇಕಾಗಿ ಬಂದು, “ಬಾ, ಕೂಡು, ನನ್ನ ಕುರಿ ಕಾಯ್ತಿರು” ಎಂದರೆ ಅದೇ ಉಪದೇಶ, ಅದೇ ದೀಕ್ಷೆ. ‘ಕಾಯ್ತಿರು’ ಎಂಬ ಮಾತನ್ನು ಗಮನಿಸಬೇಕು. ಕುರಿ ಆಡು ಎನ್ನುತ್ತಿರಲಿಲ್ಲ, ಕುರಿ ಕಾಯಿ ಎನ್ನುತ್ತಿದ್ದರು.

ಹೊಸಬನಿಗೆ ಕುರಿಯನ್ನೇ ಕೊಡುವುದು ವಾಡಿಕೆ. ಹುಲಿ ಆಡುವುದು ಮೇಲುನೋಟಕ್ಕೆ ಸುಲಭ: ಬರಿದಾದ ಕಡೆ ನೋಡಿ ಹಾರಿದರಾಯಿತು. ಕುರಿಯವನಿಗೆ ಮಾತ್ರ ಮೊದಲ ಕ್ಷಣದಿಂದಲೇ ಗೆರೆಗಳ ಗುಣ ತಿಳಿದಿರಬೇಕು. ಹುಲಿ ಕೂತಿರುವ ನೆತ್ತಿಯನ್ನು ಬಿಟ್ಟರೆ ಇಪ್ಪತ್ತಮೂರು ಸ್ಥಾನಗಳಲ್ಲಿ ಆರು ಸ್ಥಾನಗಳಿಗೆ ಹುಲಿಯ ಭಯವಿಲ್ಲ. ಎರಡು ಪಕ್ಕಗಳ ನಿಲುಗೆರೆಗಳ ನಾಲ್ಕು ತುದಿಗಳು, ತ್ರಿಕೋನದ ಬುಡದ ಎರಡು ಮೂಲೆಗಳು. ಅಲ್ಲಿಗೆ ಗೆರೆ ಮುಗಿದುಹೋಗುವುದರಿಂದ ಹುಲಿಗೆ ಹಾರಿ ಇಳಿಯುವ ನೆಲೆ ಇಲ್ಲ. ಜಾಣ ಹುಡುಗ ಒಂದೆರಡು ವಾರದಲ್ಲಿ ಇದನ್ನು ತಾನೇ ಕಂಡುಕೊಳ್ಳುತ್ತಾನೆ. ಮೊದಲ ಆರು ಕುರಿಗಳನ್ನು ಅಲ್ಲಿಟ್ಟು ಗೆದ್ದೆನೆಂದು ನಗುತ್ತಾನೆ. ಆದರೆ ಏಳನೆಯ ಕುರಿ ಬಯಲಿಗೆ ಇಳಿಯಲೇಬೇಕು. ನಿಜವಾದ ಆಟ ಆ ಕುರಿಯಿಂದ ಶುರು. ಅಲ್ಲಿಂದ ಮುಂದೆ ಒಂದು ಕುರಿಯ ರಕ್ಷಣೆ ಅದರ ಬೆನ್ನಿಗೆ ನಿಂತ ಇನ್ನೊಂದು ಕುರಿಯಿಂದಲೇ ಹೊರತು ಜಾಗದಿಂದಲ್ಲ.

ಇಲ್ಲಿ ಒಂದು ಲೆಕ್ಕ ಹೇಳಿದರೆ ತಪ್ಪಾಗಲಾರದು. ಒಂದೂ ಕುರಿ ಸಾಯದೆ ಹದಿನೈದೂ ಇಳಿದರೆ, ಮೂರು ಹುಲಿಗಳೂ ಸೇರಿ ಹದಿನೆಂಟು ಸ್ಥಾನಗಳು ತುಂಬುತ್ತವೆ. ಬರಿದಾಗಿ ಉಳಿಯುವುದು ಐದೇ. ಹುಲಿಗಳ ಸ್ವಾತಂತ್ರ್ಯವೆಲ್ಲ ಆ ಐದು ಬಯಲುಗಳಲ್ಲಿದೆ. ಒಂದು ಕುರಿ ಸತ್ತಾಗ ಕುರಿಯವನ ಬಲ ಒಂದು ತಗ್ಗುವುದಷ್ಟೇ ಅಲ್ಲ, ಹುಲಿಗೆ ಒಂದು ಬಯಲು ಹೆಚ್ಚುತ್ತದೆ. ಆದ್ದರಿಂದ ಮೊದಲ ಸಾವು ಅಗ್ಗವಲ್ಲ. ಹಳೆಯ ಆಟಗಾರರು ಮೊದಲ ಕುರಿ ಹೋದಾಗ ಬಾಯಿ ಚಪ್ಪರಿಸುತ್ತಿದ್ದುದರ ಅರ್ಥ ಇದೇ.

ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಹುಲಿಯನ್ನು ಒಂದೇ ಒಂದು ಹಸು ತನ್ನ ಸತ್ಯದಿಂದ ಗೆಲ್ಲುತ್ತದೆ. ಈ ಆಟದ ಹುಲಿಗೆ ಸತ್ಯದ ಪರಿವೆಯಿಲ್ಲ. ಇಲ್ಲಿ ಒಂಟಿ ಕುರಿ ಎಷ್ಟೇ ಸಾಧುವಾದರೂ ಸಾಯುತ್ತದೆ. ಕುಮಾರವ್ಯಾಸನ ಸಭಾಪರ್ವದ ದ್ಯೂತದಲ್ಲಾದರೆ ದಾಳಗಳು ಶಕುನಿಯ ಮಾತು ಕೇಳಿದವು. ಈ ಆಟದಲ್ಲಿ ದಾಳವೇ ಇಲ್ಲ, ಶಕುನಿಗೆ ಸ್ಥಳವೇ ಇಲ್ಲ. ಸೋತವನು ದೈವವನ್ನು ದೂರುವಂತಿಲ್ಲ, ದಾಳವನ್ನು ದೂರುವಂತಿಲ್ಲ. ಬಲಾಬಲಗಳು ಅಸಮವೆಂದು ದೂರೋಣವೆಂದರೆ ಮರು ಆಟಕ್ಕೆ ಪಕ್ಷ ಬದಲಾಗುತ್ತದೆ: ಈಗ ಹುಲಿಯಾಗಿದ್ದವನು ಕುರಿ, ಕುರಿಯಾಗಿದ್ದವನು ಹುಲಿ. ಮನುಷ್ಯನನ್ನು ಈ ಆಟಕ್ಕೆ ಕಟ್ಟಿಹಾಕುವ ಮೊದಲನೆಯ ಹಗ್ಗ ಇದು. ಸೋಲಿಗೆ ಬೇರೆ ಯಾವ ನೆಪವೂ ಸಿಕ್ಕದಿದ್ದಾಗ ಮತ್ತೊಮ್ಮೆ ಕೂರುವುದೊಂದೇ ದಾರಿ.

ಇದು ಕೇವಲ ಕಟ್ಟೆಯವರ ಅಭಿಮಾನವೆಂದು ತಿಳಿಯಬಾರದು. ಇದೇ ಕುಲಕ್ಕೆ ಸೇರಿದ ನೇಪಾಳದ ‘ಬಾಘ್‌ಚಾಲ್’ ಆಟದಲ್ಲಿ ೨೫ ಸ್ಥಾನ, ೪ ಹುಲಿ, ೨೦ ಆಡು. ಈ ಶತಮಾನದ ಮೊದಲ ದಶಕದಲ್ಲಿ ಸಂಶೋಧಕರು ಅದನ್ನು ಗಣಕಯಂತ್ರಕ್ಕೆ ಒಡ್ಡಿ ಲೆಕ್ಕ ಹಾಕಿದರು. ಎರಡೂ ಪಕ್ಷದವರು ತಪ್ಪಿಲ್ಲದೆ ಆಡಿದರೆ ಆಟ ಸಮವಾಗುತ್ತದೆ ಎಂಬುದು ಅವರಿಗೆ ದೊರೆತ ಉತ್ತರ. ನಾಲ್ಕಕ್ಕೆ ಇಪ್ಪತ್ತು, ಹಾರುವ ಶಕ್ತಿಗೆ ನಿಲ್ಲುವ ಶಕ್ತಿ. ಇಷ್ಟೊಂದು ವಿಷಮವಾದ ಎರಡು ಬಲಗಳನ್ನು ಹೆಸರಿಲ್ಲದ ಯಾರೋ ಜನ ಅಷ್ಟು ನಿಖರವಾಗಿ ತೂಗಿ ಇಟ್ಟಿದ್ದರು!

ಎರಡನೆಯ ಹಗ್ಗ ಆಟದಲ್ಲಿಲ್ಲ, ಎದುರಿಗೆ ಕೂತವನಲ್ಲಿದೆ. ೧೯೭೨ರಲ್ಲಿ ಐಸ್‌ಲೆಂಡಿನಲ್ಲಿ ಫಿಷರ್ ಮತ್ತು ಸ್ಪಾಸ್ಕಿ ಆಡಿದ ಚದುರಂಗದ ಪಂದ್ಯಗಳನ್ನು ಕಲಬುರಗಿಯ ವಿದ್ಯಾರ್ಥಿಯೊಬ್ಬ ಇಂದು ತನ್ನ ಮನೆಯಲ್ಲಿ ಒಬ್ಬನೇ ಕೂತು, ನಡೆಗೆ ನಡೆ ಇಟ್ಟು ಮತ್ತೆ ಆಡಬಲ್ಲ. ೨೦೨೪ರಲ್ಲಿ ಹದಿನೆಂಟರ ಹರೆಯದ ಗುಕೇಶ್ ಜಗತ್ತಿನ ಚಾಂಪಿಯನ್ ಆದಾಗ ಆತನ ಒಂದೊಂದು ನಡೆಯೂ ಅಕ್ಷರ-ಅಂಕಿಗಳಲ್ಲಿ ದಾಖಲಾಯಿತು. ಹುಲಿ-ಕುರಿಯಾಟದಲ್ಲಿ ನಡೆಗಳನ್ನು ಬರೆದಿಡುವ ರೂಢಿಯೇ ಬೆಳೆಯಲಿಲ್ಲ. ಒಳ್ಳೆಯ ಆಟವೊಂದು ನಡೆದರೆ ಅದು ಇಬ್ಬರ ನೆನಪಿನಲ್ಲಿ, ಹೆಚ್ಚೆಂದರೆ ಹಿಂದೆ ನಿಂತ ನಾಲ್ವರ ನೆನಪಿನಲ್ಲಿ ಉಳಿಯುತ್ತದೆ. ಎದುರಾಳಿಯೇ ಈ ಆಟದ ಗ್ರಂಥ, ಎದುರಾಳಿಯೇ ಅದರ ಭಂಡಾರ. ಆದ್ದರಿಂದ ಇಲ್ಲಿ ಆಟದ ಮೇಲಿನ ನಿಷ್ಠೆ, ಮನುಷ್ಯನ ಮೇಲಿನ ನಿಷ್ಠೆ ಎಂದು ಬೇರೆ ಬೇರೆ ಮಾಡಲು ಬರುವುದಿಲ್ಲ.

ಕಮಲಾಪುರದಲ್ಲಿ ನಾನು ಬಲ್ಲ ಇಬ್ಬರು ಹಿರಿಯರಿದ್ದರು. ಒಬ್ಬರದು ಬಾಳೆಯ ತೋಟ, ಮತ್ತೊಬ್ಬರದು ಹೊಲಿಗೆಯ ಅಂಗಡಿ. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ದಖನಿ. ಸಂಜೆಯ ಹೊತ್ತು ಅಂಗಡಿಯ ಮುಂದಿನ ಫರಸಿಯ ಮೇಲೆ ನಲವತ್ತು ವರ್ಷಕ್ಕೂ ಮಿಕ್ಕಿ ಇಬ್ಬರೂ ಕೂತಿದ್ದಾರೆ. ನಡುವೆ ಒಂದು ಸಲ ಹೊಲದ ಬದುವಿನ ವಿಷಯದಲ್ಲಿ ಎರಡೂ ಮನೆಗಳಿಗೆ ಮಾತು ನಿಂತುಹೋಗಿತ್ತು. ಆ ಆರು ತಿಂಗಳು ಇಬ್ಬರೂ ಮಾತಿಲ್ಲದೆಯೇ ಆಡಿದರಂತೆ. ಒಬ್ಬರು ಕುರಿ ಇಟ್ಟರೆ ಇನ್ನೊಬ್ಬರು ಹುಲಿ ನಡೆಸುವುದು, ಅಷ್ಟೇ. ಕೊನೆಗೆ ಮೌನ ಮುರಿದದ್ದು ಸತ್ತ ಕುರಿ ನಾಲ್ಕೋ ಐದೋ ಎಂಬ ಜಗಳದಿಂದ.

ಹೊಲಿಗೆಯವರು ತೀರಿಕೊಂಡ ಮೇಲೆ ತೋಟದವರು ಒಂದು ವರ್ಷ ಆ ಕಲ್ಲಿನ ಬಳಿಗೆ ಹೋಗಲಿಲ್ಲ. ಅವರ ಮಗ ಮೊಬೈಲಿನಲ್ಲಿ ಇದೇ ಆಟವನ್ನು ತೋರಿಸಿಕೊಟ್ಟಿದ್ದ. ಹೇಗಿದೆಯೆಂದು ನಾನು ಕೇಳಿದೆ. “ಆಟ ಛಲೋ ಆಡ್ತದ್ರಿ ಸರ, ತಪ್ಪು ಮಾಡಂಗಿಲ್ಲ. ಆದರ ಅವ ಇದ್ದಾಗ, ನಾ ಕುರಿ ಎಲ್ಲಿ ಇಡ್ತೀನಂತ ನನಗಿಂತ ಮೊದಲ ಅವಗ ಗೊತ್ತಾಗ್ತಿತ್ತು. ಗೊತ್ತಾದ್ರೂ ಮುಖ ಬ್ಯಾರೆ ಕಡೆ ಮಾಡ್ಕೊಂಡು ಕೂಡ್ತಿದ್ದ” ಎಂದರು. ಈ ಮಾತಿನ ಆಳವನ್ನು ನಾನು ವಿವರಿಸಿ ಕೆಡಿಸಲಾರೆ. ಒಬ್ಬನ ಯೋಚನೆಯ ದಾರಿ ಇನ್ನೊಬ್ಬನಿಗೆ ಅಷ್ಟು ಪರಿಚಿತವಾಗಲು ನಲವತ್ತು ವರ್ಷಗಳೇ ಬೇಕು. ಅವನು ಹೋದರೆ ಸಾವಿರಾರು ಆಟಗಳ ನೆನಪಿನಲ್ಲಿ ಅರ್ಧ ಹೋಗುತ್ತದೆ.

ಇಂಥ ಆಟಗಳನ್ನು ಉಳಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಮೈಸೂರಿನ ರಾಮಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಮಣೆಯಾಟಗಳನ್ನು ಚೆಲುವಾದ ಹಾಸು, ಕಾಯಿಗಳೊಂದಿಗೆ ಜನರ ಕೈಗೆ ಮತ್ತೆ ತಲುಪಿಸಿದೆ. ಅದು ಗೌರವಕ್ಕೆ ಅರ್ಹವಾದ ಕೆಲಸ. ಹಾಸನ್ನು ಕೊಳ್ಳಬಹುದು, ಕಾಯಿಗಳನ್ನು ಕೊಳ್ಳಬಹುದು. ಎದುರಿಗೆ ಕೂರುವವನನ್ನು ಮಾತ್ರ ನಾವೇ ಬೆಳೆಸಿಕೊಳ್ಳಬೇಕು. ಅದಕ್ಕೆ ಹಿಡಿಯುವ ಕಾಲವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಆ ತೋಟದ ಹಿರಿಯರು ಈಗ ಮತ್ತೆ ಕಲ್ಲಿನ ಬಳಿಗೆ ಬರುತ್ತಿದ್ದಾರೆ. ಶಾಲೆ ಬಿಟ್ಟ ಹೊತ್ತಿಗೆ ಇದ್ದಿಲಿನಿಂದ ಮನೆ ಬರೆದು, ಹುಲಿಗಳನ್ನು ಇಟ್ಟುಕೊಂಡು ಕೂರುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಮೊದಮೊದಲು ಹುಡುಗರು ಹಿಂದೆ ನಿಂತು ನೋಡಿದರು; ಈಗ ಒಬ್ಬಿಬ್ಬರು ಎದುರಿಗೆ ಕೂರುತ್ತಾರೆ. ಅವರೆಲ್ಲ ಇನ್ನೂ ಕುರಿ ಕಾಯುವವರೇ, ಬೇಗನೆ ಸೋಲುವವರೇ. ಮುದುಕರಿಗೆ ಅವಸರವಿಲ್ಲ.

ನಿಮ್ಮ ಮನೆಯ ಪಡಸಾಲೆಯಲ್ಲೂ ಒಂದು ಕಲ್ಲುಹಾಸು ಇರಬಹುದು. ಶ್ರಾವಣದ ಒಂದು ಮಳೆಯ ಮಧ್ಯಾಹ್ನ ಅದರ ಮೇಲೆ ಗೆರೆ ಎಳೆದು ಮಗನನ್ನೋ ಮೊಮ್ಮಗಳನ್ನೋ ನೆರೆಯವರನ್ನೋ ಎದುರಿಗೆ ಕೂರಿಸಿಕೊಳ್ಳಿ. ಮೊದಲ ಆರು ಕುರಿಗಳನ್ನು ಎಲ್ಲಿಡಬೇಕೆಂದು ನಾನು ಹೇಳಿದ್ದಾಗಿದೆ. ಏಳನೆಯದನ್ನು ನೀವೇ ಇಡಬೇಕು.